‘ಮತ್ಯಾಕೆ ಅವನ ಮನೆಗೆ ಹೋದಳು?’: ಒಂದು ಹಳೆಯ ಪ್ರಶ್ನೆಯ ಚರಿತ್ರೆ

ಹೆಂಡತಿಯ ಕೊಲೆಯ ಸುದ್ದಿ ಬರೆದವರಿಗೆಲ್ಲ ಒಂದು ಸಾಲು ಪರಿಚಿತ. ‘ದಂಪತಿ ನಡುವೆ ಈ ಹಿಂದೆಯೂ ಜಗಳವಾಗಿದ್ದು, ಹಿರಿಯರು ರಾಜಿ ಮಾಡಿಸಿ ಕಳುಹಿಸಿದ್ದರು’ ಎಂಬ ಸಾಲು ಅದು. ಸಾಮಾನ್ಯವಾಗಿ ವರದಿಯ ಮೂರನೆಯ ಪ್ಯಾರಾದಲ್ಲಿ ಇರುತ್ತದೆ. ಓದುಗರು ಅದನ್ನು ದಾಟಿಕೊಂಡು ಮುಂದೆ ಹೋಗುತ್ತಾರೆ. ಆಮೇಲೆ ಊರಿನ ಕಟ್ಟೆಯ ಮೇಲೆ ಮಾತು ಶುರುವಾಗುತ್ತದೆ: ‘ಅಷ್ಟು ಹೊಡೆಸಿಕೊಂಡು ತವರಿಗೆ ಬಂದಿದ್ದವಳು ಮತ್ಯಾಕೆ ಅವನ ಮನೆಗೆ ಹೋದಳು?’

ಅವಳು ಹೋಗದೆ ತವರಲ್ಲೇ ಉಳಿದಿದ್ದರೆ ಅದೇ ಕಟ್ಟೆಯವರು ಕೇಳುತ್ತಿದ್ದ ಪ್ರಶ್ನೆ ಬೇರೆ: ‘ಗಂಡನ್ನ ಬಿಟ್ಟು ಎಷ್ಟು ದಿನ ಅಂತ ಇಲ್ಲಿರ್ತಾಳೆ?’

‘ಕಳುಹಿಸಿದ್ದರು’ ಎಂಬ ಆ ಕ್ರಿಯಾಪದವನ್ನು ಸ್ವಲ್ಪ ನಿಂತು ನೋಡಬೇಕು. ಅವಳು ಹೋಗಲಿಲ್ಲ, ಅವಳನ್ನು ಕಳುಹಿಸಲಾಯಿತು. ಕಳೆದ ನೂರೈವತ್ತು ವರ್ಷಗಳಲ್ಲಿ ಹೀಗೆ ಕಳುಹಿಸಿದವರು ಊರ ಹಿರಿಯರಷ್ಟೇ ಅಲ್ಲ. ಹೈಕೋರ್ಟುಗಳು ಕಳುಹಿಸಿವೆ, ಶಾಸನಗಳು ಕಳುಹಿಸಿವೆ, ಅಣ್ಣತಮ್ಮಂದಿರ ಪಹಣಿಗಳು ಕಳುಹಿಸಿವೆ. ಹಾಗಾಗಿ ಈ ಪ್ರಶ್ನೆಯನ್ನು ಹೆಣ್ಣಿನ ಮನಸ್ಸಿಗೆ ಕೇಳುವ ಮೊದಲು ಚರಿತ್ರೆಗೆ ಕೇಳುವುದು ಒಳ್ಳೆಯದು.

ಸೆರೆಮನೆಯೋ, ಗಂಡನ ಮನೆಯೋ

1884ರಲ್ಲಿ ದಾದಾಜಿ ಭಿಕಾಜಿ ಎಂಬವರು ಬಾಂಬೆ ಹೈಕೋರ್ಟಿನಲ್ಲಿ ಒಂದು ದಾವೆ ಹೂಡಿದರು. ತಮ್ಮ ಹೆಂಡತಿ ರುಖ್ಮಾಬಾಯಿ ತಮ್ಮೊಂದಿಗೆ ಬಂದು ಬಾಳುವಂತೆ ಆದೇಶಿಸಬೇಕು ಎಂಬುದು ಬೇಡಿಕೆ. ರುಖ್ಮಾಬಾಯಿಗೆ ಮದುವೆಯಾದಾಗ 11 ವರ್ಷ. ಮದುವೆಯ ನಂತರವೂ ಅವರು ತಾಯಿಯ ಮನೆಯಲ್ಲೇ ಬೆಳೆದರು. ಮಲತಂದೆ ಡಾ. ಸಖಾರಾಂ ಅರ್ಜುನ್ ಅವರ ಆಸರೆಯಲ್ಲಿ ಓದು ಕಲಿತರು. ದೊಡ್ಡವರಾದ ಮೇಲೆ, ತಾನು ಒಪ್ಪದ ವಯಸ್ಸಿನಲ್ಲಿ ಕಟ್ಟಿದ ಈ ಮದುವೆಗೆ ಬದ್ಧಳಲ್ಲ ಎಂದರು. ದಾದಾಜಿಯ ಬದುಕಿನ ರೀತಿಯೂ ಅವರಿಗೆ ಹಿಡಿಸಿರಲಿಲ್ಲ.

1885ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಪಿನ್ಹೆ ದಾವೆಯನ್ನು ತಳ್ಳಿಹಾಕಿದರು. ಇವರಿಬ್ಬರೂ ಒಟ್ಟಿಗೆ ಬಾಳಿಯೇ ಇಲ್ಲ, ಇಲ್ಲದ ಸಹಬಾಳ್ವೆಯನ್ನು ಮರುಸ್ಥಾಪಿಸುವುದು ಹೇಗೆ ಎಂಬುದು ಅವರ ವಾದವಾಗಿತ್ತು. ಮೇಲ್ಮನವಿಯಲ್ಲಿ ಈ ತೀರ್ಪು ನಿಲ್ಲಲಿಲ್ಲ. 1887ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಫ್ಯಾರನ್ ಕೊಟ್ಟ ಆದೇಶ ಸರಳವಾಗಿತ್ತು: ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳವರೆಗೆ ಸೆರೆವಾಸ. ಸೆರೆಗೆ ಹೋಗಲು ಸಿದ್ಧ, ಆ ಮನೆಗೆ ಹೋಗುವುದಿಲ್ಲ ಎಂದರು ರುಖ್ಮಾಬಾಯಿ.

ದೇಶದ ಪತ್ರಿಕೆಗಳು ಎರಡು ಪಾಳಯವಾದವು. ಬಾಲಗಂಗಾಧರ ತಿಲಕರು ರುಖ್ಮಾಬಾಯಿಯ ವಿರುದ್ಧ ಬರೆದರು. ಪಂಡಿತಾ ರಮಾಬಾಯಿ ಅವರ ಪರವಾಗಿ ನಿಂತರು. ಸ್ವತಃ ರುಖ್ಮಾಬಾಯಿ 1885ರಲ್ಲೇ ‘ಒಬ್ಬ ಹಿಂದೂ ಮಹಿಳೆ’ ಎಂಬ ಗುಪ್ತನಾಮದಲ್ಲಿ ಟೈಮ್ಸ್ ಆಫ್ ಇಂಡಿಯಾಕ್ಕೆ ಬಾಲ್ಯವಿವಾಹದ ಬಗ್ಗೆ ಪತ್ರ ಬರೆದಿದ್ದರು. ಕೊನೆಗೆ 1888ರಲ್ಲಿ ದಾದಾಜಿಗೆ 2,000 ರೂಪಾಯಿ ಕೊಟ್ಟು ರಾಜಿಯಾಯಿತು. ಮರುವರ್ಷ ರುಖ್ಮಾಬಾಯಿ ವೈದ್ಯಕೀಯ ಓದಲು ಲಂಡನ್ನಿಗೆ ಹೋದರು. ವೈದ್ಯೆಯಾಗಿ ಮರಳಿ ಸೂರತ್ ಮತ್ತು ರಾಜಕೋಟೆಗಳಲ್ಲಿ ದಶಕಗಳ ಕಾಲ ದುಡಿದರು.

ರುಖ್ಮಾಬಾಯಿಯ ಕತೆಯನ್ನು ಧೈರ್ಯದ ಕತೆಯಾಗಿ ಹೇಳುವುದು ರೂಢಿ. ಧೈರ್ಯ ಇದ್ದದ್ದು ನಿಜ. ಅದರ ಜೊತೆಗೆ ಇನ್ನೇನಿತ್ತು ಎಂದೂ ಎಣಿಸಬೇಕು. ಅವರಿಗೆ ಅಪ್ಪನಿಂದ ಬಂದ ಆಸ್ತಿ ಇತ್ತು. ‘ಇಲ್ಲೇ ಇರು’ ಎನ್ನುವ ತಾಯಿ ಇದ್ದರು. ಓದು ಇತ್ತು, ಪತ್ರಿಕೆಯ ಪುಟ ಸಿಗುತ್ತಿತ್ತು, ಹಣ ಸೇರಿಸಿ ಮೊಕದ್ದಮೆ ನಡೆಸುವ ಬೆಂಬಲಿಗರ ಸಮಿತಿ ಇತ್ತು. ಹೋಗುವುದಿಲ್ಲ ಎಂದು ಹೇಳುವಾಗ ನಿಲ್ಲಲು ಅವರಿಗೊಂದು ನೆಲ ಇತ್ತು. ಇವುಗಳಲ್ಲಿ ಯಾವುದೂ ಇಲ್ಲದ ಹೆಂಗಸರ ಮೇಲೂ ಇದೇ ಕಾನೂನು ಅನ್ವಯವಾಗುತ್ತಿತ್ತು. ಅವರ ಹೆಸರುಗಳು ನಮಗೆ ಸಿಗುವುದಿಲ್ಲ.

ಹೊರಗಿನಿಂದ ಬಂದ ‘ನಮ್ಮ ಸಂಪ್ರದಾಯ’

ಓಡಿಹೋದ ಹೆಂಡತಿಯನ್ನು ಕೋರ್ಟಿನ ಆದೇಶದಿಂದ ಕರೆತರುವ ಈ ಏರ್ಪಾಟನ್ನು ಆಗ ಹಲವರು ಹಿಂದೂ ಧರ್ಮದ ರಕ್ಷಣೆ ಎಂದೇ ಸಮರ್ಥಿಸಿದರು. ಅದು ಇಲ್ಲಿನದ್ದಲ್ಲ. ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳಲ್ಲಿ ಹುಟ್ಟಿದ್ದು. ಬ್ರಿಟಿಷ್ ನ್ಯಾಯಾಧೀಶರು ಅದನ್ನು ಇಲ್ಲಿಗೆ ತಂದರು. 1867ರಲ್ಲಿ ಬಂಗಾಳದ ಒಂದು ಮುಸ್ಲಿಂ ದಂಪತಿಯ ಪ್ರಕರಣದಲ್ಲಿ, ಇಂಥ ದಾವೆ ಭಾರತದಲ್ಲೂ ನಡೆಯುತ್ತದೆ ಎಂದು ಪ್ರಿವಿ ಕೌನ್ಸಿಲ್ ಹೇಳಿತು. ಪ್ರಾಣಕ್ಕೆ ಕುತ್ತಾಗುವಂಥ ಕ್ರೌರ್ಯವಿದ್ದರೆ ಹೆಂಡತಿ ಅದನ್ನು ಪ್ರತಿವಾದವಾಗಿ ಹೇಳಿಕೊಳ್ಳಬಹುದು ಎಂಬ ಮಾತನ್ನೂ ಸೇರಿಸಿತು.

ಇಲ್ಲಿ ಒಂದು ವ್ಯಂಗ್ಯವಿದೆ. ದಾದಾಜಿ ಬಾಂಬೆಯಲ್ಲಿ ದಾವೆ ಹೂಡಿದ 1884ರಲ್ಲೇ ಇಂಗ್ಲೆಂಡು ತನ್ನ ಕಾನೂನನ್ನು ತಿದ್ದಿಕೊಂಡು, ಈ ಆದೇಶ ಪಾಲಿಸದವರನ್ನು ಸೆರೆಗೆ ಹಾಕುವುದನ್ನು ನಿಲ್ಲಿಸಿತು. ಭಾರತದಲ್ಲಿ ಸೆರೆವಾಸದ ಬೆದರಿಕೆ ಪೂರ್ತಿ ಹೋಗಲು 1923 ಆಗಬೇಕಾಯಿತು. 1970ರಲ್ಲಿ ಇಂಗ್ಲೆಂಡು ಈ ಪರಿಹಾರವನ್ನೇ ತೆಗೆದುಹಾಕಿತು. ನಮ್ಮ 1955ರ ಹಿಂದೂ ವಿವಾಹ ಕಾಯ್ದೆಯ 9ನೇ ಸೆಕ್ಷನ್ನಿನಲ್ಲಿ ಅದು ಇಂದಿಗೂ ಇದೆ.

1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ನ್ಯಾಯಮೂರ್ತಿ ಪಿ.ಎ. ಚೌಧರಿ, ನಟಿ ಸರಿತಾ ಅವರ ಪ್ರಕರಣದಲ್ಲಿ ಈ ಸೆಕ್ಷನ್ ಅಸಾಂವಿಧಾನಿಕ ಎಂದರು. ಹೆಣ್ಣಿನ ದೇಹದ ಮೇಲೆ ಅವಳಿಗಿರುವ ಅಧಿಕಾರವನ್ನು ಸರ್ಕಾರ ಕಿತ್ತುಕೊಂಡಂತಾಗುತ್ತದೆ ಎಂಬುದು ಆ ತೀರ್ಪಿನ ತಿರುಳು. ಅದೇ ವರ್ಷದ ಕೊನೆಗೆ ಸಂಸತ್ತು ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವಾಗಿಸುವ 498ಎ ಸೆಕ್ಷನ್ ತಂದಿತು. 1984ರಲ್ಲಿ ಸುಪ್ರೀಂ ಕೋರ್ಟು, ಸರೋಜ್ ರಾಣಿ ಪ್ರಕರಣದಲ್ಲಿ, 9ನೇ ಸೆಕ್ಷನ್ ಸರಿಯಾಗಿಯೇ ಇದೆ ಎಂದು ಎತ್ತಿಹಿಡಿಯಿತು. ಮದುವೆ ಒಡೆಯದಂತೆ ನೋಡಿಕೊಳ್ಳುವುದು ಅದರ ಉದ್ದೇಶ ಎಂಬುದು ಕಾರಣ. ಹೀಗೆ ಒಂದೇ ವರ್ಷದೊಳಗೆ ಹೊಡೆಯುವುದು ಅಪರಾಧ ಎಂಬ ಕಾನೂನೂ ಬಂತು, ಮರಳಿ ಹೋಗೆಂಬ ಕಾನೂನೂ ಗಟ್ಟಿಯಾಯಿತು.

ಇದರ ಪೆಟ್ಟು ಬೀಳುವುದು ಜೀವನಾಂಶದ ಮೇಲೆ. ಹೆಂಡತಿ ಜೀವನಾಂಶ ಕೇಳಿದೊಡನೆ ಗಂಡ ‘ನಾನು ಕರೆಯುತ್ತಿದ್ದೇನೆ, ಅವಳೇ ಬರುತ್ತಿಲ್ಲ’ ಎಂದು 9ನೇ ಸೆಕ್ಷನ್ನಿನಲ್ಲಿ ಅರ್ಜಿ ಹಾಕುವುದು ವಕೀಲರಿಗೆಲ್ಲ ಗೊತ್ತಿರುವ ಪಟ್ಟು. ಸಕಾರಣವಿಲ್ಲದೆ ಗಂಡನೊಂದಿಗೆ ಇರಲೊಪ್ಪದವಳಿಗೆ ಜೀವನಾಂಶವಿಲ್ಲ ಎಂದು ಕಾನೂನೇ ಹೇಳುತ್ತದಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಾರ್ಖಂಡಿನ ಒಂದು ಪ್ರಕರಣದಲ್ಲಿ ಇದನ್ನು ಸ್ವಲ್ಪ ಸರಿಪಡಿಸಿತು: ಮರಳಿ ಹೋಗಬೇಕೆಂಬ ಡಿಕ್ರಿ ಇದ್ದರೂ, ಹೋಗದಿರಲು ತಕ್ಕ ಕಾರಣವಿದ್ದರೆ ಹೆಂಡತಿಗೆ ಜೀವನಾಂಶ ಸಿಗಬೇಕು.

ಆ ಜೀವನಾಂಶವಾದರೂ ಎಷ್ಟು? ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಡಿ ತಿಂಗಳಿಗೆ 500 ರೂಪಾಯಿ ಎಂಬ ಗರಿಷ್ಠ ಮಿತಿ ಬಂದದ್ದು 1955ರಲ್ಲಿ. ಕೇಂದ್ರ ಕಾನೂನಿನಿಂದ ಆ ಮಿತಿ ಹೋದದ್ದು 2001ರಲ್ಲಿ. 46 ವರ್ಷಗಳಲ್ಲಿ ಅಕ್ಕಿ, ಸೀಮೆಎಣ್ಣೆ, ಬಸ್ ಚಾರ್ಜು ಎಲ್ಲವೂ ಏರಿದವು. ಬಿಟ್ಟು ಬಂದ ಹೆಂಗಸಿನ ಹೊಟ್ಟೆಯ ಲೆಕ್ಕ ಮಾತ್ರ ಏರಲಿಲ್ಲ.

ಬಿಡುಗಡೆಯ ಹಳೆಯ ದಾರಿಗಳು

ಹಿಂದಿನ ಕಾಲದಲ್ಲಿ ಹೆಣ್ಣು ಎಷ್ಟೇ ಕಷ್ಟವಾದರೂ ಸಹಿಸಿಕೊಂಡು ಬಾಳುತ್ತಿದ್ದಳು ಎನ್ನುವುದು ಅರ್ಧ ಸತ್ಯ. ಕನ್ನಡ ನಾಡಿನ ಅನೇಕ ದುಡಿಯುವ ಸಮುದಾಯಗಳಲ್ಲಿ ಉಡಿಕೆ ಅಥವಾ ಕೂಡಿಕೆ ಎಂಬ ಪದ್ಧತಿ ಇತ್ತು. ವಿಧವೆ ಅಥವಾ ಗಂಡನನ್ನು ಬಿಟ್ಟವಳು ಕುಲದ ಹಿರಿಯರ ಒಪ್ಪಿಗೆಯಿಂದ ಇನ್ನೊಬ್ಬನೊಂದಿಗೆ ಬಾಳಬಹುದಿತ್ತು. ಮೊದಲ ಮದುವೆಯಷ್ಟು ಗೌರವ ಅದಕ್ಕಿರಲಿಲ್ಲ. ಆದರೆ ಬಾಗಿಲು ಇತ್ತು.

ಈ ಬಾಗಿಲಿಗೂ ವಸಾಹತು ನ್ಯಾಯಾಲಯಗಳು ಕೈಹಾಕಿದವು. ಸಂಸ್ಕೃತ ಧರ್ಮಶಾಸ್ತ್ರಗಳನ್ನೇ ಹಿಂದೂ ಕಾನೂನು ಎಂದು ಓದಿಕೊಂಡ ನ್ಯಾಯಾಧೀಶರಿಗೆ ಕುಲಪಂಚಾಯಿತಿಯ ಬಿಡುಗಡೆ ಅನೀತಿಯಾಗಿ ಕಂಡಿತು. ಗಂಡ ಬದುಕಿರುವಾಗ ಹೆಣ್ಣಿಗೆ ಮರುಮದುವೆಯ ಅನುಮತಿ ಕೊಡುವ ಅಧಿಕಾರ ಜಾತಿಗಿಲ್ಲ ಎಂದು ಬಾಂಬೆ ಹೈಕೋರ್ಟು 1876ರಲ್ಲಿ ಹೇಳಿತು. ಧಾರವಾಡ, ಬೆಳಗಾವಿ, ವಿಜಯಪುರದ ಸೀಮೆಯೆಲ್ಲ ಆಗ ಅದೇ ಹೈಕೋರ್ಟಿನ ವ್ಯಾಪ್ತಿಗೆ ಬರುತ್ತಿತ್ತು. ಇತ್ತ ಮೇಲೇರಲು ಬಯಸಿದ ಜಾತಿಗಳು ಉಡಿಕೆಯನ್ನು ತಾವಾಗಿಯೇ ಬಿಡುತ್ತ ಬಂದವು. ‘ನಮ್ಮಲ್ಲಿ ಹೆಣ್ಣು ಎರಡನೇ ಮದುವೆ ಆಗಲ್ಲ’ ಎನ್ನುವುದು ಪ್ರತಿಷ್ಠೆಯ ಮಾತಾಯಿತು.

ಕರಾವಳಿಯ ಅಳಿಯಸಂತಾನದಲ್ಲಿ ಇನ್ನೊಂದು ಬಗೆಯ ಏರ್ಪಾಟಿತ್ತು. ಅಲ್ಲಿ ಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಮದುವೆಯಾದ ಮಗಳೂ ತನ್ನ ತಾಯಿಮನೆಯ ಸದಸ್ಯೆಯಾಗಿಯೇ ಉಳಿಯುತ್ತಿದ್ದಳು, ಅವಳ ಮಕ್ಕಳೂ ಆ ಮನೆಯವರೇ. ಗಂಡನೊಂದಿಗೆ ಹೊಂದಿಕೆಯಾಗದೆ ಬಂದವಳು ಅಲ್ಲಿ ನೆಂಟಳಲ್ಲ, ಹಕ್ಕುದಾರಳು. ಇದನ್ನು ಹೆಣ್ಣಾಳ್ವಿಕೆ ಎಂದು ಕೊಂಡಾಡಬೇಕಿಲ್ಲ. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತು, ಅವನ ದಬ್ಬಾಳಿಕೆಯ ಕತೆಗಳೂ ಉಂಟು. ಆದರೂ ಹಿಂತಿರುಗಿ ಬಂದರೆ ತಲೆಯ ಮೇಲೆ ತನ್ನದೇ ಸೂರು ಎಂಬುದು ಸಣ್ಣ ವಿಷಯವಲ್ಲ.

ಮುಸ್ಲಿಂ ಹೆಂಗಸರ ಚರಿತ್ರೆಯಲ್ಲಿ ಇನ್ನೂ ತೀವ್ರವಾದ ಪ್ರಸಂಗವಿದೆ. ಇಲ್ಲಿ ಚಾಲ್ತಿಯಲ್ಲಿದ್ದ ಹನಫಿ ಕಾನೂನಿನಲ್ಲಿ ಕ್ರೂರಿ ಗಂಡನಿಂದ ಬಿಡುಗಡೆ ಪಡೆಯಲು ಹೆಂಡತಿಗೆ ದಾರಿಯೇ ಇಲ್ಲವೆನ್ನುವಷ್ಟು ಕಷ್ಟವಿತ್ತು. ಆದರೆ ಅವಳು ಧರ್ಮ ಬಿಟ್ಟರೆ ಮದುವೆ ತಾನಾಗಿ ರದ್ದಾಗುತ್ತಿತ್ತು. 20ನೇ ಶತಮಾನದ ಆರಂಭದ ದಶಕಗಳಲ್ಲಿ, ಮುಖ್ಯವಾಗಿ ಪಂಜಾಬಿನಲ್ಲಿ, ಹೆಂಗಸರು ಮತಾಂತರವಾಗಿ ಮದುವೆಯಿಂದ ಹೊರಬರತೊಡಗಿದರು. ಇದರಿಂದ ಕಳವಳಗೊಂಡ ಉಲೇಮಾಗಳು ಹೊಸ ದಾರಿ ಹುಡುಕಿದರು. 1939ರ ಕಾಯ್ದೆ ಬಂತು. ಕ್ರೌರ್ಯ, ಎರಡು ವರ್ಷ ಜೀವನಾಂಶ ಕೊಡದಿರುವುದು ಮೊದಲಾದ ಕಾರಣಗಳಿಗೆ ಮುಸ್ಲಿಂ ಹೆಂಡತಿ ಕೋರ್ಟಿನಲ್ಲಿ ವಿಚ್ಛೇದನ ಪಡೆಯಬಹುದಾಯಿತು. ಧರ್ಮ ಬಿಟ್ಟ ಮಾತ್ರಕ್ಕೆ ಮದುವೆ ರದ್ದಾಗದು ಎಂದೂ ಅದೇ ಕಾಯ್ದೆ ಹೇಳಿತು. ಬಿಡುಗಡೆಗಾಗಿ ಹುಟ್ಟಿದ ಧರ್ಮವನ್ನೇ ತೊರೆಯಲು ಸಿದ್ಧರಾದವರನ್ನು ‘ಹೆಂಗಸರಿಗೆ ಅಭ್ಯಾಸವಾಗಿಬಿಡುತ್ತೆ’ ಎಂದು ತಳ್ಳಿಹಾಕಲಾದೀತೇ?

ಹಿಂದೂ ಹೆಂಗಸರಿಗೆ 1946ರ ಕೇಂದ್ರ ಕಾಯ್ದೆ ಪ್ರತ್ಯೇಕವಾಗಿ ವಾಸಿಸಿ ಜೀವನಾಂಶ ಪಡೆಯುವ ಹಕ್ಕು ಕೊಟ್ಟಿತು. ವಿಚ್ಛೇದನ ಬಾಂಬೆ ಪ್ರಾಂತ್ಯದಲ್ಲಿ 1947ರಲ್ಲಿ, ಮದ್ರಾಸ್ ಪ್ರಾಂತ್ಯದಲ್ಲಿ 1949ರಲ್ಲಿ ಬಂತು. ಅಂದರೆ ಹುಬ್ಬಳ್ಳಿಯವಳಿಗೆ ಒಂದು ವರ್ಷ, ಮಂಗಳೂರಿನವಳಿಗೆ ಇನ್ನೊಂದು ವರ್ಷ. ಇಡೀ ದೇಶಕ್ಕೆ 1955.

ತವರು ಯಾರ ಹೆಸರಿನಲ್ಲಿದೆ?

ಕಾನೂನಿನ ಬಾಗಿಲು ತೆರೆದ ಮೇಲೂ ಹೆಂಗಸರು ಮರಳಿ ಹೋಗುತ್ತಲೇ ಇದ್ದಾರಲ್ಲ? ಇದಕ್ಕೆ ಉತ್ತರ ಕೋರ್ಟಿನಲ್ಲಿಲ್ಲ, ಕಂದಾಯ ದಾಖಲೆಯಲ್ಲಿದೆ.

ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಮತ್ತು ಪ್ರದೀಪ್ ಪಾಂಡಾ ಅವರು ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 502 ವಿವಾಹಿತ ಮಹಿಳೆಯರ ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. ಜಮೀನೂ ಮನೆಯೂ ಇಲ್ಲದ ಹೆಂಗಸರಲ್ಲಿ 49% ಮಂದಿ ದೀರ್ಘಕಾಲದ ದೈಹಿಕ ಹಿಂಸೆ ಅನುಭವಿಸಿದ್ದರು. ಎರಡೂ ತಮ್ಮ ಹೆಸರಿನಲ್ಲಿದ್ದವರಲ್ಲಿ ಅದು 7% ಮಾತ್ರ. ನಮ್ಮ ಪ್ರಶ್ನೆಗೆ ನೇರ ಸಂಬಂಧಿಸಿದ ಅಂಕಿ ಇದರ ಮುಂದಿನದು. ಇಂಥ ಹಿಂಸೆಗೆ ಒಳಗಾದ 179 ಮಹಿಳೆಯರಲ್ಲಿ 43 ಮಂದಿ ಮನೆ ಬಿಟ್ಟಿದ್ದರು. ಆಸ್ತಿ ಇದ್ದವರಲ್ಲಿ 71% ಮಂದಿ ಹೊರಬಂದರೆ, ಇಲ್ಲದವರಲ್ಲಿ ಹೊರಬಂದವರು 19%. ಬಿಟ್ಟ 43 ಮಂದಿಯಲ್ಲಿ 24 ಮಂದಿ ಮರಳಿ ಹೋದರು. ಹೀಗೆ ಮರಳಿದವರಲ್ಲಿ 88% ಮಂದಿಗೆ ಸ್ವಂತ ಆಸ್ತಿ ಇರಲಿಲ್ಲ.

ಒಂದು ಜಿಲ್ಲೆಯ ಅಧ್ಯಯನ ಇದು, ಸಂಖ್ಯೆಗಳು ಸಣ್ಣವು. ಆದರೂ ಹಳ್ಳಿಯಲ್ಲಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಕ್ಕಿಲ್ಲ. ಮಗಳು ಹಬ್ಬಕ್ಕೆ ಬಂದರೆ ತವರು, ಬಾಣಂತನಕ್ಕೆ ಬಂದರೆ ತವರು. ಬಟ್ಟೆಯ ಗಂಟು, ಇಬ್ಬರು ಮಕ್ಕಳ ಸಮೇತ ಬಂದರೆ ಅದು ಅಣ್ಣನ ಮನೆ. ಮೊದಲ ವಾರ ಎಲ್ಲರೂ ಅಳುತ್ತಾರೆ. ಒಂದು ತಿಂಗಳಾದ ಮೇಲೆ ಅತ್ತಿಗೆಯ ಪಾತ್ರೆಯ ಸದ್ದು ಜೋರಾಗುತ್ತದೆ. ತಂಗಿಗೆ ಗಂಡು ನೋಡಬೇಕಾದ ಮನೆಯಾದರೆ ಅಷ್ಟು ದಿನವೂ ಇಲ್ಲ. ಆಗ ಹಿರಿಯರು ಬರುತ್ತಾರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಬರುತ್ತದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಈ ಗಾದೆಯನ್ನು ಕಾನೂನು ತಿದ್ದಲು ನೋಡಿದ್ದುಂಟು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು, ಕುಟುಂಬದ ಆಸ್ತಿಯಲ್ಲಿ ವಿಧವೆ, ತಾಯಿ, ಅವಿವಾಹಿತ ಹೆಣ್ಣುಮಕ್ಕಳಿಗೆ ಪಾಲು ಗುರುತಿಸಿತು. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾಗಿಸಿತು. ಆದರೆ ಆ ತಿದ್ದುಪಡಿ ಜಾರಿಗೆ ಬರುವ ಮೊದಲೇ ಮದುವೆಯಾದವರಿಗೆ ಅದರಲ್ಲಿ ಜಾಗವಿರಲಿಲ್ಲ. ಗಂಡನ ಮನೆಯಲ್ಲಿ ಹೊಡೆತ ತಿನ್ನುತ್ತಿದ್ದವರು ಮದುವೆಯಾದವರೇ ತಾನೆ? 2005ರ ಕೇಂದ್ರ ತಿದ್ದುಪಡಿ ಈ ತಾರತಮ್ಯ ತೆಗೆಯಿತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉಳಿದ ಗೊಂದಲವನ್ನೂ ಬಗೆಹರಿಸಿತು.

ಕಾಗದದಲ್ಲಿ ಹಕ್ಕು ಬಂತು. ಅದರ ಹಿಂದೆಯೇ ಹಕ್ಕು ಬಿಡುಗಡೆ ಪತ್ರವೂ ಬಂತು. ಉಪನೋಂದಣಿ ಕಚೇರಿಯ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಿದರೆ ಸಾಕು. ಹೊಸ ಸೀರೆ ಉಟ್ಟು ಬಂದ ಅಕ್ಕತಂಗಿಯರು ಹೆಬ್ಬೆಟ್ಟು ಒತ್ತಿ, ಅಣ್ಣತಮ್ಮಂದಿರು ಕೊಡಿಸಿದ ತಿಂಡಿ ತಿಂದು ಬಸ್ ಹತ್ತುತ್ತಾರೆ. ಅವರು ದಡ್ಡರಲ್ಲ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂದು ಲೆಕ್ಕ ಹಾಕಿಯೇ ಸಹಿ ಮಾಡುತ್ತಾರೆ. ತವರಿಗೆ ಬಂದುಹೋಗುವ ಪ್ರೀತಿ ಉಳಿಯಲೆಂದು ತವರಿನಲ್ಲಿ ಉಳಿಯುವ ಹಕ್ಕನ್ನು ಬಿಡುತ್ತಾರೆ. ಮುಂದೊಂದು ರಾತ್ರಿ ಆ ಹಕ್ಕು ಬೇಕಾದಾಗ ಅವರ ಕೈಯಲ್ಲಿ ಪ್ರೀತಿಯಷ್ಟೇ ಇರುತ್ತದೆ.

ಗಂಡನ ಮನೆಯೂ ಅವನ ಹೆಸರಿನಲ್ಲಿಲ್ಲ

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಒಂದು ಹೊಸ ಮಾತು ಹೇಳಿತು. ಹೊಡೆತ ತಿಂದವಳೇ ಯಾಕೆ ಮನೆ ಬಿಡಬೇಕು? ಅವಳು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಬೇಕಾದರೆ ಹೊಡೆದವನನ್ನೇ ಹೊರಗೆ ಹೋಗೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. 2006ರ ಅಕ್ಟೋಬರ್ 26ರಂದು ಕಾಯ್ದೆ ಜಾರಿಗೆ ಬಂತು. ಎರಡೇ ತಿಂಗಳಲ್ಲಿ, ಬಾತ್ರಾ ಪ್ರಕರಣದಲ್ಲಿ, ಅತ್ತೆಯ ಹೆಸರಿನಲ್ಲಿರುವ ಮನೆಗೆ ಈ ಹಕ್ಕು ಅನ್ವಯಿಸದು ಎಂದು ಸುಪ್ರೀಂ ಕೋರ್ಟು ಹೇಳಿತು. ನಮ್ಮ ಹಳ್ಳಿಗಳಲ್ಲಿ ಮನೆ ಯಾರ ಹೆಸರಿನಲ್ಲಿರುತ್ತದೆ? ಮಾವನ ಹೆಸರಿನಲ್ಲಿ, ಕೆಲವೊಮ್ಮೆ ತೀರಿಹೋದ ಮಾವನ ಅಪ್ಪನ ಹೆಸರಿನಲ್ಲಿ. 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಅದೇ ಕೋರ್ಟು ಆ ತೀರ್ಪು ತಪ್ಪೆಂದಿತು. ನಡುವೆ ಕಳೆದದ್ದು ಸುಮಾರು 14 ವರ್ಷ.

ಸರ್ಕಾರದ ಆಸರೆಗಳೂ ಇವೆ. ಕರ್ನಾಟಕದಲ್ಲಿ 2000ದ ಆಸುಪಾಸಿನಿಂದ ಸಾಂತ್ವನ ಕೇಂದ್ರಗಳಿವೆ, 181 ಸಹಾಯವಾಣಿ ಇದೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವಿದೆ. ಸಖಿ ಕೇಂದ್ರಗಳಲ್ಲಿ ತಾತ್ಕಾಲಿಕವಾಗಿ ಉಳಿಯಬಹುದು, ನಿಯಮದ ಪ್ರಕಾರ ಐದು ದಿನ. ಆರನೆಯ ದಿನ ಅವಳು ಎಲ್ಲಿಗೆ ಹೋಗಬೇಕು? ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಪಡಿತರ ಚೀಟಿಯಲ್ಲಿ ಮನೆಯೊಡತಿ ಎಂದಿರುವವಳಿಗೆ. ಕೂಡುಕುಟುಂಬದಲ್ಲಿ ಅವಳು ಹೆಚ್ಚಾಗಿ ಅತ್ತೆ. ಶಕ್ತಿ ಯೋಜನೆ ಬಂದ ಮೇಲೆ ತವರಿಗೆ ಬರಲು ಬಸ್ಸಿಗೆ ದುಡ್ಡು ಬೇಡ ಎಂಬುದಂತೂ ನಿಜ. ಮರಳಿ ಹೋಗುವ ಬಸ್ಸೂ ಉಚಿತವೇ.

ಮನಸ್ಸಿನ ಮಾತು

ಎಲ್ಲವೂ ಮನೆ, ಜಮೀನಿನ ಲೆಕ್ಕವೇ ಎಂದರೆ ತಪ್ಪಾಗುತ್ತದೆ. ಕುಡಿತ ಬಿಡ್ತೀನಿ ಎಂದು ಕಾಲು ಹಿಡಿದ ಗಂಡನನ್ನು ನಂಬಿ ಹೋದವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಇದನ್ನು ಒಂದು ಚಕ್ರ ಎಂದು ವಿವರಿಸಿದರು: ಬಿಗುವು ಏರುತ್ತದೆ, ಹೊಡೆತ ಬೀಳುತ್ತದೆ, ಆಮೇಲೆ ಪಶ್ಚಾತ್ತಾಪ ಮತ್ತು ಪ್ರೀತಿಯ ದಿನಗಳು ಬರುತ್ತವೆ. ನಮ್ಮ ರಾಜಿ ಪಂಚಾಯಿತಿಗಳು ನಡೆಯುವುದು ಸರಿಯಾಗಿ ಈ ಮೂರನೆಯ ಘಟ್ಟದಲ್ಲಿ. ಮಕ್ಕಳನ್ನು ಅಲ್ಲೇ ಬಿಟ್ಟು ಬಂದವಳು ಮಕ್ಕಳಿಗಾಗಿ ಹೋಗುತ್ತಾಳೆ. ಬಿಟ್ಟು ಹೋದರೆ ಕೊಲ್ಲುತ್ತೇನೆ ಎಂದವನ ಮಾತು ಬರಿಯ ಬೆದರಿಕೆಯಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಬಿಟ್ಟು ಹೊರಡುವ ಹೊತ್ತೇ ಅತಿ ಅಪಾಯದ್ದು ಎಂದು ಈ ಕ್ಷೇತ್ರದಲ್ಲಿ ದುಡಿದವರೆಲ್ಲ ಹೇಳುತ್ತಾರೆ.

ಕಲಿಸಿದ ಸಹನೆಯೂ ಇದೆ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದು ದೇಶದಲ್ಲೇ ಅತಿ ಹೆಚ್ಚು. ಕೆಲವು ಸಂದರ್ಭಗಳಲ್ಲಿ ಗಂಡ ಹೊಡೆಯುವುದು ಸರಿ ಎಂದವರು ಹೆಂಗಸರಲ್ಲಿ ಶೇ 77, ಗಂಡಸರಲ್ಲಿ ಶೇ 82ರಷ್ಟು. ದೇಶದಾದ್ಯಂತ ಹಿಂಸೆಗೆ ಒಳಗಾದವರಲ್ಲಿ ಯಾರದಾದರೂ ನೆರವು ಕೇಳಿದವರು ಶೇ 14 ಮಾತ್ರ. ಸರಿ ಎಂದ ಹೆಂಗಸರೆಲ್ಲ ಮನಸಾರೆ ಒಪ್ಪಿದ್ದಾರೆಂದು ತಿಳಿಯಬೇಕಿಲ್ಲ. ಹೋಗಲು ಜಾಗವಿಲ್ಲದವರು, ಇರುವ ಜಾಗಕ್ಕೆ ಒಂದು ಅರ್ಥ ಕಟ್ಟಿಕೊಳ್ಳುತ್ತಾರೆ.

ರುಖ್ಮಾಬಾಯಿಯಿಂದ ಇಲ್ಲಿಯವರೆಗೆ ನೋಡಿದರೆ, ಬಾಗಿಲು ಸಿಕ್ಕಾಗಲೆಲ್ಲ ಹೆಂಗಸರು ಹೊರಬಂದಿದ್ದಾರೆ. ಉಡಿಕೆಯ ಬಾಗಿಲಿದ್ದಲ್ಲಿ ಅದರಿಂದ, ತಾಯಿಮನೆಯ ಬಾಗಿಲಿದ್ದಲ್ಲಿ ಅದರಿಂದ, ಏನೂ ಇಲ್ಲದಿದ್ದಲ್ಲಿ ಮತಾಂತರದಿಂದ. ಮರಳಿ ಹೋದವರಲ್ಲಿ ಬಹಳಷ್ಟು ಮಂದಿ ಹೊರಗೆ ನಿಂತು ಎಲ್ಲ ಕಡೆ ಬಾಗಿಲು ತಟ್ಟಿ ನೋಡಿಯೇ ಹೋದವರು.

ವರದಿ ಬರೆಯುವ ನಾವು ಆ ಮೂರನೆಯ ಪ್ಯಾರಾದಲ್ಲಿ ಇನ್ನೂ ನಾಲ್ಕು ಪ್ರಶ್ನೆ ಕೇಳಬಹುದು. ರಾಜಿ ಮಾಡಿಸಿದ ಹಿರಿಯರು ಯಾರು? ಅವಳು ಠಾಣೆಗೆ, ಸಾಂತ್ವನ ಕೇಂದ್ರಕ್ಕೆ, ಸಂರಕ್ಷಣಾಧಿಕಾರಿಯ ಬಳಿಗೆ ಹೋಗಿದ್ದಳೇ, ಹೋದಾಗ ಏನು ಹೇಳಿ ಕಳುಹಿಸಿದರು? ತವರಿನ ಪಹಣಿಯಲ್ಲಿ ಅವಳ ಹೆಸರಿದೆಯೇ, ಇತ್ತೇ? ಆ ರಾತ್ರಿ ಅವಳು ಗಂಡನ ಮನೆಗೆ ಹೋಗದೆ ಇನ್ನೆಲ್ಲಿ ಮಲಗಬಹುದಿತ್ತು? ಉತ್ತರ ಸಿಕ್ಕರೆ ಅದೂ ಸುದ್ದಿ. ಸಿಗದಿದ್ದರೆ ಅದೇ ಸುದ್ದಿ.